ಮೊದಲು ನಿಮ್ಮದಾಗಲಿ

ಮುಂಜಾನೆ ಎದ್ದ ಕೂಡಲೇ ನಾನು ಮಾಡುತ್ತಿದ್ದ ಮೊದಲ ಕೆಲಸ ಅಪ್ಪನ ಮೊಣಕಾಲ ಕೆಳಗೆ ಹೆಬ್ಬೆರಳು ಒತ್ತಿ ನೋಡುವುದು. ಒತ್ತಿದ ಕಡೆ ಕುಳಿ ಬೀಳುತ್ತಿತ್ತು. ಕುಳಿ ಬೇಗ ತುಂಬಿಕೊಂಡರೆ ಆ ದಿನ ನನಗೆ ಚಹಾ ರುಚಿಸುತ್ತಿತ್ತು. ತುಂಬಿಕೊಳ್ಳಲು ತಡ ಮಾಡಿದರೆ ಚಹಾ ಬಟ್ಟಲಲ್ಲೇ ಆರಿಹೋಗುತ್ತಿತ್ತು. ಅಪ್ಪ ಮಾತ್ರ, "ಹಿಟ್ಟ ನಾದಿದಂಗ ನಾದಬ್ಯಾಡ, ಬಿಡ ಕಾಲ" ಎಂದು ನಗುತ್ತಿದ್ದ. ಅವನಿಗೆ ಆ ನಗು ಎಲ್ಲಿಂದ ಬರುತ್ತಿತ್ತೋ ದೇವರೇ ಬಲ್ಲ. ನನಗೆ ಆ ವರ್ಷಗಳ ಬಗ್ಗೆ ಕೇಳಿದರೆ ಅಂಜಿಕೆ ಬಿಟ್ಟು ಬೇರೇನೂ ನೆನಪಾಗುವುದಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಪ್ಪ ಅಕ್ಕಲಕೋಟೆಯ ಸರ್ಕಾರಿ ಕಚೇರಿಯೊಂದರಲ್ಲಿ ಕಾರಕೂನನಾಗಿದ್ದು ನಿವೃತ್ತನಾಗಿದ್ದ. ಮನೆಯಲ್ಲಿ ಅಪ್ಪ, ಅವ್ವ, ನಾನು, ಮೂವರೇ. ನಾನು ದಿನಾ ಎಸ್‌ಟಿ ಬಸ್ಸು ಹಿಡಿದು ಸೊಲ್ಲಾಪುರದ ಒಂದು ಧರ್ಮಾರ್ಥ ದವಾಖಾನೆಗೆ ಹೋಗಿ, ಅಲ್ಲಿಯ ಆಫೀಸಿನಲ್ಲಿದ್ದ ಒಂದೇ ಒಂದು ಕಂಪ್ಯೂಟರಿನ ಮುಂದೆ ಕೂತು ಕೇಸ್‌ಪೇಪರುಗಳನ್ನು ಟೈಪು ಮಾಡುತ್ತಿದ್ದೆ. ನೌಕರಿ ಸಿಕ್ಕ ವರ್ಷವೇ ಅಪ್ಪನ ಎರಡೂ ಮೂತ್ರಪಿಂಡ ಕೈಕೊಟ್ಟವು. ಮಗಳಿಗೆ ದವಾಖಾನೆಯಲ್ಲಿ ಕೆಲಸ ಸಿಕ್ಕಿತೆಂದು ರೋಗವೂ ಸುಮ್ಮನೆ ಬೆನ್ನು ಹತ್ತಿ ಬರಬೇಕೇ? ರಕ್ತ ತೊಳೆಯುವ ಯಂತ್ರ, ಅಂದರೆ ಡಯಾಲಿಸಿಸ್ ಮಷೀನು, ನಮ್ಮ ದವಾಖಾನೆಯಲ್ಲಿ ಒಂದಿತ್ತು. ಒಂದೇ ಇತ್ತು.

ಆ ಮಷೀನಿಗೆ ಬೇಕಾದದ್ದು ಕರೆಂಟು ಮತ್ತು ನೀರು. ನೀರು ಅಂದರೆ ಕೊಡಗಟ್ಟಲೆ, ಅದೂ ಸೋಸಿ ಸೋಸಿ ಶುದ್ಧ ಮಾಡಿದ ನೀರು. ಸೊಲ್ಲಾಪುರದಲ್ಲಿ ಇವೆರಡೂ ಹೇಳಿದ ಹೊತ್ತಿಗೆ ಎಂದು ಸಿಕ್ಕಿದ್ದವು? ನಳ ದಿನ ಬಿಟ್ಟು ದಿನ ಬರುತ್ತಿತ್ತು, ಬಂದರೆ ಬಂತು. ಟ್ಯಾಂಕರಿನವನು ಬರುತ್ತೇನೆ ಅಂದ ದಿನ ಬರುತ್ತಿರಲಿಲ್ಲ. ಹಾಗಾಗಿ ಇಂಥವರಿಗೆ ಸೋಮವಾರ, ಇಂಥವರಿಗೆ ಬುಧವಾರ ಎಂದು ವಾರ ಗೊತ್ತು ಮಾಡುವ ಮಾತೇ ಇರಲಿಲ್ಲ. ಏಳೆಂಟು ಮಂದಿ ರೋಗಿಗಳು, ಅವರದೊಂದು ಪಾಳಿ. ಇವತ್ತು ನೀರು ಇರುವ ತನಕ ಎಷ್ಟು ಮಂದಿಯದಾಗುತ್ತದೋ ಅಷ್ಟು, ಉಳಿದವರದು ನಾಳೆ ಮೊದಲು. ಸುತ್ತು ಮುಗಿದರೆ ಮತ್ತೆ ಮೊದಲಿನವರು.

ಈ ಪಾಳಿಯನ್ನು ಆ ವಾರ್ಡಿನ ಸಿಸ್ಟರ್ ಒಂದು ಹಲಗೆಯ ಮೇಲೆ ಸುಣ್ಣದ ಕಡ್ಡಿಯಿಂದ ಬರೆದಿಡುತ್ತಿದ್ದಳು. ಯಾರೋ ಅಳಿಸುತ್ತಿದ್ದರು, ಯಾರೋ ತಿದ್ದುತ್ತಿದ್ದರು. ಒಂದು ದಿನ ಇಬ್ಬರು ರೋಗಿಗಳ ಕಡೆಯವರು ಬಾಗಿಲಲ್ಲೇ ಅಂಗಿಯ ಕಾಲರು ಹಿಡಿದುಕೊಂಡರು. ಸಿಸ್ಟರ್ ಮರಾಠಿ ಹೆಂಗಸು, ಎತ್ತರದ ದನಿ, ನಮ್ಮ ಜೊತೆ ಮಾತಾಡುವಾಗ ಅರ್ಧ ಕನ್ನಡ, ಹೆಂಗಸರೆಲ್ಲ ಆಕೆಗೆ ‘ಬಾಯಿ’. ನೇರ ನನ್ನ ಟೇಬಲ್ಲಿಗೆ ಬಂದು, "ಬಾಯಿ, ನಿನ್ನ ಡಬ್ಬಿಗಿ ಕೊಡು ಈ ಕೆಲಸ. ನನ್ನ ಮಾತ ಯಾರೂ ಕೇಳಂಗಿಲ್ಲ, ಕಂಪ್ಯೂಟರ್ ಹೇಳ್ತು ಅಂದ್ರ ಗಪ್ ಕೂಡ್ತಾರ" ಅಂದಳು. ಆಗಿನ ಕಾಲಕ್ಕೆ ಅದು ನಿಜವಿತ್ತು. ಕಂಪ್ಯೂಟರಿನಿಂದ ಬಂದ ಕಾಗದಕ್ಕೆ ಜನ ಮಠದ ಅಂಗಾರಕ್ಕೆ, ಅಂದರೆ ಭಸ್ಮಕ್ಕೆ, ಕೊಡುವ ಮರ್ಯಾದೆ ಕೊಡುತ್ತಿದ್ದರು.

ನವಿ ಪೇಠೆಯ ಒಂದು ಕ್ಲಾಸಿನಲ್ಲಿ ನಾನು ಸಿ ಪ್ಲಸ್ ಪ್ಲಸ್ ಕಲಿತಿದ್ದೆ. ಅಲ್ಲಿಯ ಸರ್ ಹೊಸ ಕಂಪೈಲರು ತರಿಸಿದ್ದರು. ಅದರ ಜೊತೆ ಸಿದ್ಧ ಕೆಲಸಗಳ ಒಂದು ಲೈಬ್ರರಿಯೇ ಬಂದಿತ್ತು. ಹುಡುಕುವುದು, ಹೊಂದಿಸುವುದು, ತಿರುಗಿಸುವುದು, ಎಲ್ಲವನ್ನೂ ಯಾರೋ ಪುಣ್ಯಾತ್ಮರು ಮೊದಲೇ ಬರೆದಿಟ್ಟಿದ್ದರು. ಅದರಲ್ಲಿ ಒಂದಕ್ಕೆ ರೊಟೇಟ್ ಕಾಪಿ ಎಂದು ಹೆಸರು. ಒಂದು ಸಾಲು ಕೊಟ್ಟು, ಇಲ್ಲಿಂದ ಶುರು ಮಾಡು ಎಂದು ನಡುವಿನ ಒಂದು ಜಾಗ ತೋರಿಸಿದರೆ, ಅದು ಅಲ್ಲಿಂದ ಕೊನೆಯ ತನಕ ನಕಲು ಮಾಡಿ, ಹಿಂದೆ ಉಳಿದವರನ್ನು ತಂದು ಬಾಲಕ್ಕೆ ಜೋಡಿಸಿ, ಹೊಸದೊಂದು ಸಾಲು ಇಡುತ್ತದೆ. ಮೂಲದ ಸಾಲು ಕದಲುವುದಿಲ್ಲ. ನನಗೆ ಬೇಕಾದದ್ದು ಇದೇ. ಮಂದಿ ದವಾಖಾನೆಗೆ ಸೇರಿದ ಕ್ರಮವನ್ನು ಕೆಡಿಸಬಾರದು ಎಂದು ಡಾಕ್ಟರ್ ಸಾಹೇಬರು ಕಟ್ಟುನಿಟ್ಟಾಗಿ ಹೇಳಿದ್ದರು. ಅದು ಒಂದು ಕಡೆ ಹಾಗೇ ಇರಲಿ, ದಿನದಿನದ ಪಾಳಿ ಅದರ ನಕಲಾಗಿರಲಿ.

ಮೊದಲ ಸಲ ಓಡಿಸಿದಾಗ ಕಂಪ್ಯೂಟರ್ ಬಿಕ್ಕಿ ನಿಂತುಬಿಟ್ಟಿತು. ತಲೆ ಕೆಟ್ಟು ಮೊಸರಗಡಿಗೆ ಆಯಿತು. ಆಮೇಲೆ ಸರ್ ನಕ್ಕು ಹೇಳಿದರು, ಅದು ನಕಲು ಇಡುತ್ತದೆಯೇ ಹೊರತು ಜಾಗ ಮಾಡುವುದಿಲ್ಲ, ಅಷ್ಟು ಜಾಗ ನೀನೇ ಮೊದಲು ಮಾಡಿಕೊಡಬೇಕು ಎಂದು. ಹಾಸಿಗೆ ಹಾಸದೆ ಬೀಗರನ್ನು ಮಲಗಿರಿ ಅಂದ ಹಾಗೆ ಆಗಿತ್ತು ನನ್ನದು. ಜಾಗ ಮಾಡಿಕೊಟ್ಟೆ, ನಡೆಯಿತು.

ದಿನಾ ಸಂಜೆ ಸಿಸ್ಟರ್ ಆಫೀಸಿನ ಬಾಗಿಲಲ್ಲಿ ನಿಂತು ಇವತ್ತಿನ ಕೊನೆಯವರು ಯಾರು ಎಂದು ಹೇಳುತ್ತಿದ್ದಳು. ನಾನು, "ಎಲ್ಲೀತನಕ ಆತ್ರಿ?" ಎಂದು ಕೇಳುವುದು, ಆಕೆ ಹೇಳುವುದು, ನಾನು ಅವರ ನಂತರದವರಿಂದ ಶುರು ಎಂದು ಒತ್ತುವುದು, ಪ್ರಿಂಟರು ಕರಕರ ಎಂದು ಹೊಸ ಪಾಳಿ ಉಗುಳುವುದು. ಅದನ್ನು ಬಾಗಿಲಿಗೆ ಅಂಟಿಸಿದರೆ ಮುಗಿಯಿತು. ಜಗಳ ನಿಂತವು. ಒಮ್ಮೆ ಯಾರೋ ಪುಢಾರಿಯ ಚೀಟಿ ತಂದವನಿಗೆ ನಾನೇ, "ಕಾಗದದ ಪ್ರಕಾರನ ನಡೀತದ್ರಿ, ಇಲ್ಲಿ ಯಾರ ವಶೀಲಿನೂ ನಡ್ಯಂಗಿಲ್ಲ" ಎಂದು ಕಡ್ಡಿ ಮುರಿದ ಹಾಗೆ ಹೇಳಿ ಕಳಿಸಿದ್ದೆ. ಆ ಮಾತು ಆಡುವಾಗ ನನ್ನ ಗತ್ತು ನೋಡಬೇಕಿತ್ತು.

ಈಗ ಅಪ್ಪನ ವಿಷಯ. ನಮ್ಮ ಕಡೆ ಒಂದು ರೂಢಿ ಇದೆ. ಹಿಟ್ಟಿನ ಗಿರಣಿಯಲ್ಲಿರಲಿ, ಕ್ಷೌರದ ಅಂಗಡಿಯಲ್ಲಿರಲಿ, ನಮ್ಮ ಪಾಳಿ ಬಂದಾಗ ಹಿಂದೆ ವಯಸ್ಸಾದವರೋ ದೂರದಿಂದ ಬಂದವರೋ ನಿಂತಿದ್ದರೆ, "ಮೊದ್ಲ ನಿಮ್ದ ಆಗ್ಲಿ" ಅನ್ನಬೇಕು. ಅವರು "ಛೇ ಛೇ, ನಿಮ್ದ ಆಗ್ಲಿ" ಅನ್ನಬೇಕು. ಮಾತು ಎರಡು ಸಲ ಆಚೆ ಈಚೆ ಆಗಿ, ಕೊನೆಗೆ ಯಾರದೋ ಒಬ್ಬರದು ಆಗುತ್ತದೆ. ಎಲ್ಲರಿಗೂ ಇದು ಬಾಯಿಮಾತು. ಅಪ್ಪನಿಗೆ ಮಾತ್ರ ಇದು ವ್ರತ. ಬಸ್ಸಿನ ಬಾಗಿಲಲ್ಲಿ ನಿಂತು ಊರಿನವರನ್ನೆಲ್ಲ ಹತ್ತಿಸಿ ತಾನು ಕೊನೆಗೆ ಹತ್ತಿ ಸೊಲ್ಲಾಪುರದ ತನಕ ನಿಂತೇ ಬರುವ ಮನುಷ್ಯ. ಅವ್ವ ಇದಕ್ಕಾಗಿ ಜೀವನಪೂರ್ತಿ ಹಣೆ ಬಡಿದುಕೊಂಡಿದ್ದಳು.

ಅದೊಂದು ಶನಿವಾರ. ಪಾಳಿಯಲ್ಲಿ ಅಪ್ಪನ ಹೆಸರು ಬಂದಿತ್ತು. ಮುಂಜಾನೆ ಇಬ್ಬರೂ ಕೂಡಿ ಬಂದು, ಅವನನ್ನು ಮಷೀನಿನ ಕೋಣೆಯ ಮುಂದಿನ ಬೆಂಚಿನ ಮೇಲೆ ಕೂರಿಸಿ ನಾನು ಆಫೀಸಿಗೆ ಹೋದೆ. ಮಧ್ಯಾಹ್ನ ಕಿಟಕಿಯಲ್ಲಿ ಮುಖ ತೋರಿಸಿ, "ನಾ ಹೋಗ್ತೀನವಾ, ನೀ ಸಂಜೀಕ ಬಾ" ಅಂದ. ನಾನು ಟೈಪು ಮಾಡುತ್ತ ಹೂಂ ಅಂದೆ. ಸಂಜೆ ಸಿಸ್ಟರ್ ಬಂದು, "ಕಂದಲಗಾಂವದ ಆಯಿತನಕ ಆತು. ನೀರಿನ ಟಾಕಿ ಖಾಲಿ" ಅಂದಳು. ಕಂದಲಗಾಂವದಿಂದ ಬರುತ್ತಿದ್ದ ಆ ಮುದುಕಿಯನ್ನು ಎಲ್ಲರೂ ಆಯಿ ಎಂದೇ ಕರೆಯುತ್ತಿದ್ದೆವು. ಪಾಳಿಯಲ್ಲಿ ಆಕೆ ಅಪ್ಪನ ನಂತರದವಳು. ಆಕೆಯದೇ ಆಗಿದ್ದರೆ ಅಪ್ಪನದು ಆಗಿರಲೇಬೇಕಲ್ಲ. ನಾನು ಆಕೆಯ ನಂತರದವರಿಂದ ಶುರು ಎಂದು ಒತ್ತಿದೆ. ಕಾಗದ ಅಂಟಿಸಿ ಅಕ್ಕಲಕೋಟೆಯ ಬಸ್ಸು ಹತ್ತಿದೆ.

ಮನೆಗೆ ಬಂದರೆ ಅವ್ವನ ಮುಖ ಅರಳಿತ್ತು. "ಇವತ್ತ ಅಪ್ಪಗ ದಣುವ ಆಗಿಲ್ಲ ನೋಡು. ಬಂದವರ ಕೂಡ ಕುಂತ ಮಾತಾಡಾಕತ್ತಾರ" ಅಂದಳು.

ಮಷೀನಿಗೆ ಕೂತು ಬಂದ ದಿನ ಅಪ್ಪ ಹಿಂಡಿದ ಬಟ್ಟೆಯ ಹಾಗೆ ಆಗಿರುತ್ತಿದ್ದ. ಗೋಡೆಗೆ ತಲೆ ಇಟ್ಟು ಮಲಗಿದರೆ ಊಟಕ್ಕೂ ಏಳುತ್ತಿರಲಿಲ್ಲ. ಇವತ್ತು ನೋಡಿದರೆ ಪಡಸಾಲೆಯಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದಾನೆ.

"ಅಪ್ಪಾ, ಮಷೀನಿಗಿ ಕುಂತಿದ್ದೆಲ್ಲ?"

"ಸೋಮಾರ ಆಗ್ತದ ಬಿಡವಾ."

"ಅಂದ್ರ? ಇವತ್ತ ಆಗಿಲ್ಲ?"

"ಆ ಆಯಿಗಿ ಭಾಳ ದಮ್ಮ ಹತ್ತಿತ್ತು. ದೂರಿಂದ ಬಂದಾಕಿ. ಮೊದ್ಲ ನಿಮ್ದ ಆಗ್ಲಿ ಅಂದೆ. ಆಮ್ಯಾಲ ನೀರ ಹೋತು. ಏನ ಮಾಡೂದು? ಸೋಮಾರ ಮೊದಲನೇದ ನಂದ ಇರ್ತದಲ್ಲ" ಎಂದ, ಏನೂ ಆಗದವರ ಹಾಗೆ.

ನಾನು ಅಲ್ಲೇ ಹೊಸ್ತಿಲ ಮೇಲೆ ಕೂತೆ. ಸೋಮವಾರ ಮೊದಲನೆಯದು ಅವನದಿರಲಿಲ್ಲ. ಬಾಗಿಲಿಗೆ ಕಾಗದ ಅಂಟಿಸಿದ ಕೈ ನನ್ನದೇ. ಅದರಲ್ಲಿ ಅವನ ಹೆಸರು ಎಲ್ಲಿತ್ತು ಎಂದು ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಕೆಳಗಿನಿಂದ ಎರಡನೆಯದು. ಅವನ ಕೆಳಗೆ ಆಯಿ.

"ಹಂಗ ಹ್ಯಾಂಗ ಆಗ್ತದ? ನಾ ಕುಂತೇ ಇಲ್ಲಲ್ಲ" ಎಂದು ಅಪ್ಪ ನಂಬಲೇ ಇಲ್ಲ. ನಾನು ಅಡುಗೆಮನೆಯಿಂದ ಸ್ಟೀಲಿನ ಬಟ್ಟಲುಗಳನ್ನು ತಂದು ನೆಲದ ಮೇಲೆ ಸಾಲಾಗಿ ಇಟ್ಟೆ. ಇದು ನೀನು, ಇದು ಆಯಿ, ಇದು ಮಗ್ಗದ ಹುಡುಗ, ಇದು ಬೀಡಿ ಕಟ್ಟುವ ಬಾಯಿ. "ಆಯೀತನಕ ಆತು ಅಂದ್ರ ಅದು ಆಯಿ ನಂತರದವರಿಂದ ಶುರು ಮಾಡ್ತದಪ್ಪಾ. ಆಕಿ ಮತ್ತ ಆಕಿಗಿಂತ ಮೊದಲಿದ್ದವರು, ಎಲ್ಲಾರ್ದೂ ಆಗ್ಯಾದ ಅಂತ ತಿಳ್ಕೊಂಡು ಎತ್ತಿ ಕಡೀಗಿ ಇಡ್ತದ. ನೀ ಕುಂತಿ, ಬಿಟ್ಟಿ, ಅದಕ್ಕೇನ ಗೊತ್ತು?" ಎಂದು ಬಟ್ಟಲುಗಳನ್ನು ಎತ್ತಿ ಬಾಲಕ್ಕೆ ಇಟ್ಟು ತೋರಿಸಿದೆ. ಬಟ್ಟಲುಗಳು ಒಂದಕ್ಕೊಂದು ತಾಗಿ ಸದ್ದು ಮಾಡುತ್ತಿದ್ದವು.

ಅಪ್ಪ ಕನ್ನಡಕ ಏರಿಸಿ ಬಗ್ಗಿ ನೋಡಿದ. "ಭಾಳ ಶಾಣ್ಯಾ ಅದ ಬಿಡ ನಿನ್ನ ಪ್ರೋಗ್ರಾಮು. ಒಂದ ಸಲ ಹೇಳಿದ್ರ ಎಲ್ಲಾ ತಾನ ಮಾಡ್ತದ" ಎಂದು ಅಭಿಮಾನಪಟ್ಟ.

ಅಯ್ಯೋ ದೇವರೇ. ಆಗ ನನಗೆ ಬಂದ ಸಿಟ್ಟು! ಬಟ್ಟಲನ್ನು ಗೋಡೆಗೆ ಎಸೆಯಬೇಕೆನಿಸಿತು. "ಮರ್ಯಾದಿ ಮರ್ಯಾದಿ ಅಂತ ಜೀವಾ ಕಳ್ಕೋತಿ ನೀ" ಎಂದು ಕಿರುಚಿದೆ. ಅವ್ವ ಅಳತೊಡಗಿದಳು. ಅಪ್ಪ ಮೆಲ್ಲಗೆ ಬಟ್ಟಲುಗಳನ್ನು ಒಂದರೊಳಗೊಂದು ಇಟ್ಟು ಒಳಗೆ ಒಯ್ದ.

ಭಾನುವಾರ ಮಷೀನಿಗೆ ರಜೆ. ದವಾಖಾನೆಗೆ ಫೋನು ಮಾಡೋಣವೆಂದು ಎಸ್‌ಟಿಡಿ ಬೂತಿಗೆ ಓಡಿದರೆ ಎತ್ತಿದವನು ವಾಚ್‌ಮನ್. ಸೋಮವಾರ ಬರ್ರಿ ಅಂದ. ಹೋದ ಸಲ ಅಪ್ಪ ಮಷೀನಿಗೆ ಕೂತಿದ್ದು ಯಾವಾಗ ಎಂದು ಬೆರಳು ಮಡಚಿ ಎಣಿಸಿದೆ, ಹೆದರಿ ಎಣಿಸುವುದನ್ನೇ ಬಿಟ್ಟೆ. ರಕ್ತದಲ್ಲಿ ಕೂಡಿಕೊಂಡ ವಿಷ ಒಮ್ಮೆಲೇ ಹೃದಯವನ್ನು ನಿಲ್ಲಿಸಿಬಿಡಬಹುದು, ಪೊಟ್ಯಾಶಿಯಂ ಇರುವ ಒಂದು ಬಾಳೆಹಣ್ಣು ತಿಂದರೂ ಸಾಕು ಎಂದು ಡಾಕ್ಟರು ಮೊದಲೇ ಹೇಳಿದ್ದರು. ಅವತ್ತೇ ಪಕ್ಕದ ಮನೆಗೆ ಬಂದ ಯಾತ್ರಿಕರು ಮಠದಿಂದ ಪ್ರಸಾದ ತಂದರು, ತೆಂಗಿನಕಾಯಿ ಮತ್ತು ಬಾಳೆಹಣ್ಣು. ಅಪ್ಪ ಬೇಡ ಅನ್ನಲಾರದೆ ಹಣ್ಣು ಸುಲಿಯುತ್ತಿದ್ದ. ನಾನು ಹೋಗಿ ಕೈಯಿಂದ ಕಸಿದುಕೊಂಡೆ. ಬಂದವರು ಬೆಚ್ಚಿದರು. ಪ್ರಸಾದ ಕಸಿದ ಹುಡುಗಿ ಎಂದು ಓಣಿಯಲ್ಲಿ ನನ್ನ ಹೆಸರು ಕೆಟ್ಟಿತು, ಕೆಡಲಿ. ಮಧ್ಯಾಹ್ನದ ಹೊತ್ತಿಗೆ ಅವನ ಕಣ್ಣ ಕೆಳಗೆ ಊದಿಕೊಂಡಿತು. ಸಂಜೆ ಮಾತಿನ ನಡುವೆ ಉಸಿರು ತೆಗೆದುಕೊಳ್ಳಲು ನಿಲ್ಲತೊಡಗಿದ. ಮಲಗಿದರೆ ಎದೆಯೊಳಗೆ ನೀರು ಕುದಿಯುವ ಸದ್ದು. ಹಿಂದೆ ದಿಂಬು ಒಟ್ಟಿ ಕೂರಿಸಿದೆವು.

ಸೋಮವಾರ ಮೊದಲ ಬಸ್ಸಿಗೆ ಹೋದೆವು. ಬಸ್ಸಿನ ಬಾಗಿಲ ಹತ್ತಿರವೂ ನಾಗಣಸೂರ ಕಡೆಯ ಯಾರನ್ನೋ ನೋಡಿ ಅಪ್ಪ ಪಕ್ಕಕ್ಕೆ ಸರಿದು ಕೈ ಚಾಚಿದ. ಬಾಯಲ್ಲಿ ಮಾತು ಬರುತ್ತಿರಲಿಲ್ಲ, ಕೈಯಿಂದಲೇ "ಹತ್ರಿ" ಎನ್ನುತ್ತಿದ್ದ. ನಾನು ಬೆನ್ನಿಗೆ ಎರಡೂ ಕೈ ಕೊಟ್ಟು ಅವನನ್ನು ಒಳಗೆ ದೂಡಿದೆ. ದಾರಿಯುದ್ದಕ್ಕೂ ಅವನ ಅಂಗಿಯ ತೋಳು ಹಿಡಿದು ಕೂತಿದ್ದೆ. ಉಸಿರು ಬಂತು, ಹೋಯಿತು, ಬಂತು, ಇಷ್ಟನ್ನೇ ಕೇಳುತ್ತ ಕೂತಿದ್ದೆ.

ದವಾಖಾನೆಗೆ ಬಂದಾಗ ಮಗ್ಗದ ಹುಡುಗ ಆಗಲೇ ಮಷೀನಿನ ಮೇಲಿದ್ದ. ಪವರ್‌ಲೂಮಿನಲ್ಲಿ ಟವೆಲ್ ನೇಯುತ್ತಿದ್ದ ಹುಡುಗ. ಅವನ ರಕ್ತ ನಳಿಗೆಯಲ್ಲಿ ಓಡುತ್ತಿತ್ತು. ಅವನನ್ನು ಎಬ್ಬಿಸುವ ಮಾತೇ ಇಲ್ಲ. ಸಿಸ್ಟರ್ ಅಪ್ಪನ ಮುಖ ನೋಡಿದವಳೇ ಖುರ್ಚಿ ಎಳೆದು, ಮೂಗಿಗೆ ಆಕ್ಸಿಜನ್ ಹಚ್ಚಿ, ನನ್ನನ್ನು ಹೊರಗೆ ಕರೆದಳು. ಡಾಕ್ಟರ್ ಸಾಹೇಬರು ಬೇರೊಂದು ಕಡೆ ಆಪರೇಶನ್ನಿಗೆ ಹೋಗಿದ್ದರು.

"ಕಾಕಾಂದು ಶನಿವಾರ ಆಗಿಲ್ಲ?"

"ಇಲ್ರಿ. ಆಯಿಗಿ ಬಿಟ್ಟಾನ."

"ಅಗ ಬಾಯಿ ಗ! ನಾ ಆಗ ಅದನ್ನ ಹೇಳ್ಬೇಕಾಗಿತ್ತು. ನೀ ಎಲ್ಲೀತನಕ ಅಂತ ಕೇಳ್ದಿ, ನಾ ಅಷ್ಟಕ್ಕ ಉತ್ತರ ಹೇಳ್ದೆ." ಆಕೆಯ ಎತ್ತರದ ದನಿ ಕೆಳಗಿಳಿದಿತ್ತು. "ಟಾಕಿಯೊಳಗ ಇನ್ನ ಒಬ್ರಿಗಿ ಆಗೂವಷ್ಟ ನೀರ ಅದ. ಈ ಹುಡುಗನ ನಂತರ ಬೀಡಿ ಬಾಯಿದು ಪಾಳಿ."

ಇನ್ನೊಬ್ಬರಿಗೆ. ಒಬ್ಬರಿಗೇ. ನಾನು ಆಫೀಸಿಗೆ ಹೋಗಿ ಕಂಪ್ಯೂಟರ್ ಹಚ್ಚಿದೆ. ಮೂಲದ ಸಾಲು ಅಲ್ಲೇ ಇತ್ತು, ಅಚ್ಚುಕಟ್ಟಾಗಿ, ಯಾರೂ ಕದಲಿಸದೆ. ಅಪ್ಪನಿಂದ ಶುರು ಮಾಡು ಎಂದು ಒಂದು ಜಾಗ ಬದಲಿಸಿದರೆ ಸಾಕು. ಬದಲಿಸಿದೆ. ಪ್ರಿಂಟರು ಕರಕರ ಎಂದಿತು. ಎಲ್ಲಕ್ಕಿಂತ ಮೇಲೆ ಅಪ್ಪನ ಹೆಸರು. ಬಾಗಿಲಿಗೆ ಅಂಟಿಸಿದರೆ ಕೇಳುವವರು ಯಾರು? ಕಂಪ್ಯೂಟರ್ ಹೇಳಿತು ಅಂದರೆ ಎಲ್ಲರೂ ಗಪ್. ಕಾಗದ ಕೈಯಲ್ಲಿ ಹಿಡಿದು ಓಡಿ ಬಂದೆ.

ಬೆಂಚಿನ ಮೇಲೆ ಬೀಡಿ ಬಾಯಿ ಗೋಡೆಗೆ ತಲೆ ಆನಿಸಿ ಕಣ್ಣು ಮುಚ್ಚಿ ಕೂತಿದ್ದಳು. ದಿನವಿಡೀ ಬೀಡಿ ಕಟ್ಟಿ ಬೆರಳ ತುದಿ ಕಪ್ಪಗಾದ ಹೆಂಗಸು. ಚಪ್ಪಲಿ ಕಳಚಿಟ್ಟಿದ್ದಳು. ಅವಳ ಪಾದಗಳು ಕೂಡ ಅಪ್ಪನ ಪಾದಗಳ ಹಾಗೆಯೇ ಊದಿದ್ದವು. ಚಪ್ಪಲಿಯ ಪಟ್ಟಿಯ ಗುರುತು ಆಳವಾಗಿ ಮೂಡಿತ್ತು. ನಾನು ನಿಂತುಬಿಟ್ಟೆ. ಕಾಗದ ಅಂಟಿಸಲು ಕೈ ಏಳಲಿಲ್ಲ. ಅಂಟಿಸದೆ ಇರಲೂ ಆಗಲಿಲ್ಲ. ಒಳಗಿನಿಂದ ಅಪ್ಪನ ಉಸಿರು ಗರಗರ ಎನ್ನುವುದು ಕೇಳುತ್ತಿತ್ತು. ಇಷ್ಟು ಅಂಜಿಕೆ ನನಗೆ ಅದಕ್ಕೂ ಮೊದಲು ಆಗಿರಲಿಲ್ಲ, ಆಮೇಲೂ ಆಗಿಲ್ಲ.

ಕೊನೆಗೆ ಕಾಗದ ಮಡಚಿಟ್ಟು ಅವಳ ಮುಂದೆ ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. "ಅಕ್ಕಾ, ಇವತ್ತಿಂದು ನಿಮ್ಮ ಪಾಳಿ. ನಮ್ಮಪ್ಪ ಶನಿವಾರ ತನ್ನ ಪಾಳಿ ಬಿಟ್ಟಕೊಟ್ಟಾನ. ಅವಗ ಉಸಿರ ಆಡವಲ್ದು."

ಅವಳು ಕಣ್ಣು ತೆರೆದು, ಬಾಗಿಲ ಸಂದಿಯಿಂದ ಅಪ್ಪನನ್ನು ನೋಡಿದಳು. ವಿಚಾರ ಮಾಡಿದ ಹಾಗೂ ಕಾಣಲಿಲ್ಲ. "ಅಯ್ಯ, ಅದಕ್ಕೇನ ಕೇಳ್ತೀರಿ. ಅಣ್ಣಾ, ಮೊದ್ಲ ನಿಮ್ದ ಆಗ್ಲಿ" ಅಂದಳು.

ಅದೇ ಮಾತು. ಆ ಮಾತು ಕೇಳಿ ನನಗೆ ಸಮಾಧಾನವಾಗಲಿಲ್ಲ. ಅದರ ಬೆಲೆ ಏನೆಂದು ಆ ಬೆಂಚಿನ ಸುತ್ತ ನನ್ನೊಬ್ಬಳಿಗೇ ಗೊತ್ತಿತ್ತು. ಅಷ್ಟರಲ್ಲಿ ಅಪ್ಪ ಮೂಗಿನ ನಳಿಗೆ ಸರಿಸಿ, "ಬ್ಯಾಡ್ರಿ... ಬಾಯಿ... ನಿಮ್ದ... ಪಾಳಿ" ಎನ್ನತೊಡಗಿದ. ಪ್ರತಿ ಮಾತಿಗೂ ಎದೆ ಎದ್ದು ಬೀಳುತ್ತಿತ್ತು.

"ಅಪ್ಪಾ, ಬಾಯಿ ಮುಚ್ಚು!" ಎಂದು ಕೂಗಿದೆ. ಜೀವಮಾನದಲ್ಲಿ ಅವನಿಗೆ ಹಾಗೆ ಅಂದಿದ್ದು ಅದೊಂದೇ ಸಲ. ಕಾರಿಡಾರಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅಪ್ಪ ಮುಚ್ಚಿದ. ಮಗ್ಗದ ಹುಡುಗನದು ಮುಗಿದ ಕೂಡಲೇ ಸಿಸ್ಟರ್ ಅಪ್ಪನ ರಟ್ಟೆ ಹಿಡಿದು ಎಬ್ಬಿಸಿ ಮಷೀನಿಗೆ ಮಲಗಿಸಿದಳು.

ಅವನ ರಕ್ತ ನಳಿಗೆಗಳಲ್ಲಿ ಹೊರಗೆ ಬಂದು ಸುತ್ತಿ ಒಳಗೆ ಹೋಗುವುದನ್ನು ನೋಡುತ್ತ ನಾನು ಬಾಗಿಲಲ್ಲೇ ನಿಂತೆ. ನಡುವೆ ಕರೆಂಟು ಹೋಯಿತು. ಮಷೀನು ಕಿರ್ರ್ ಎಂದು ಒದರಿತು. ನಳಿಗೆಯಲ್ಲಿ ರಕ್ತ ನಿಂತುಬಿಟ್ಟಿತು. ನಿಂತ ರಕ್ತ ಹೆಪ್ಪುಗಟ್ಟುತ್ತದೆ ಎಂದು ನನಗೆ ಗೊತ್ತಿತ್ತು. ಸಿಸ್ಟರ್ ಮಷೀನಿನ ರಕ್ತ ತಳ್ಳುವ ಗಾಲಿಗೆ ಹಿಡಿಕೆ ಸಿಕ್ಕಿಸಿ ಕೈಯಿಂದಲೇ ತಿರುವತೊಡಗಿದಳು. ಬೆವರು ಸುರಿಯುತ್ತಿತ್ತು, ತಿರುವುತ್ತಲೇ ಇದ್ದಳು, ಜನರೇಟರಿನವನಿಗೆ ಮರಾಠಿಯಲ್ಲಿ ಬಾಯಿಗೆ ಬಂದ ಹಾಗೆ ಬೈಯುತ್ತಿದ್ದಳು. ಜನರೇಟರು ಗುಡುಗಿ ಹತ್ತಿದಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ. ಸಂಜೆಗೆ ಅಪ್ಪನ ಉಸಿರು ಹಗುರಾಯಿತು. ಡಾಕ್ಟರ್ ಸಾಹೇಬರು ಬಂದು ನೋಡಿ, ಇವತ್ತು ಇಲ್ಲೇ ವಾರ್ಡಿನಲ್ಲಿರಲಿ ಅಂದರು.

ಸಿಸ್ಟರ್ ದಿನದ ಹಾಗೆ ಆಫೀಸಿನ ಬಾಗಿಲಿಗೆ ಬಂದಳು. ನಾನು ದಿನದ ಹಾಗೆ ಕೇಳಲಿಲ್ಲ. ಎಲ್ಲಿಯ ತನಕ ಆಯಿತು ಎಂದು ಕೇಳಿದ್ದರೆ ಕಾಕಾನ ತನಕ ಅನ್ನುತ್ತಿದ್ದಳು. ನಾನು ಅವನ ನಂತರದವರಿಂದ ಎಂದು ಒತ್ತುತ್ತಿದ್ದೆ. ಶನಿವಾರವಷ್ಟೇ ಆಗಿದ್ದ ಆಯಿ ಮತ್ತೆ ಮೊದಲಿಗೆ, ಅವಳ ಹಿಂದೆ ಇವತ್ತೇ ಆದ ಮಗ್ಗದ ಹುಡುಗ, ಬೀಡಿ ಬಾಯಿ ಅವನ ಹಿಂದೆ. "ಯಾರದ ಉಳದದ್ರಿ?" ಎಂದು ಕೇಳಿದೆ. ಸಿಸ್ಟರ್ ನನ್ನ ಮುಖ ನೋಡಿ, "ಬೀಡಿ ಬಾಯಿದು" ಅಂದಳು. ಆಕೆಯಿಂದ ಶುರು ಎಂದು ಒತ್ತಿದೆ. ಪ್ರೋಗ್ರಾಮಿನಲ್ಲಿ ಒಂದು ಅಕ್ಷರವನ್ನೂ ಬದಲಿಸಬೇಕಾಗಿ ಬರಲಿಲ್ಲ. ಆ ದಿನದಿಂದ ಕೇಳುವ ಪ್ರಶ್ನೆ ಮಾತ್ರ ಬದಲಾಯಿತು.

ಆದರೆ ಬಾಗಿಲ ಮೇಲೆ ಹೆಸರು ಮೊದಲಿದ್ದರೆ ಆಯಿತೇ? ಮರುದಿನ ಮುಂಜಾನೆ ಮಷೀನು ಸಿದ್ಧವಾಯಿತು, ಟ್ಯಾಂಕರು ಬಂತು, ಬೀ​ಡಿ ಬಾಯಿ ಬರಲಿಲ್ಲ. ಅಪ್ಪ ವಾರ್ಡಿನ ಮಂಚದಿಂದ ಎದ್ದು ಬಂದು ಗೇಟು ಕಾಣುವ ಹಾಗೆ ಬೆಂಚಿನ ಮೇಲೆ ಕೂತಿದ್ದ. ಹೊತ್ತು ಏರಿತು. ಏನಾಗಿರಬಹುದು ಎಂದು ಎಲ್ಲರಿಗೂ ಗೊತ್ತಿತ್ತು. ಅವಳ ಆ ಊದಿದ ಪಾದಗಳು ನನ್ನ ಕಣ್ಣ ಮುಂದಿನಿಂದ ಹೋಗುತ್ತಿರಲಿಲ್ಲ. ನನ್ನ ಅಪ್ಪನನ್ನು ಉಳಿಸಿಕೊಳ್ಳಲು ಹೋಗಿ ಅವಳನ್ನು ಕೊಂದೆನೇ? ಪಾಳಿಯಲ್ಲಿ ಅವಳ ನಂತರ ಇದ್ದವರ ಮಗ ಎದ್ದು ಬಂದ. "ಸಿಸ್ಟರ್, ಆಕಿ ಬರಂಗಿಲ್ಲ ಇವತ್ತ. ನಮ್ಮವರಿಗಿ ಹಚ್ರಿ. ಮತ್ತ ನೀರ ಹೋಗ್ತದ" ಅಂದ. ಅವನು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸಿಸ್ಟರ್ ಗಡಿಯಾರ ನೋಡಿ ಬಾಗಿಲು ತೆರೆದಳು.

ಅಪ್ಪ ಎದ್ದ. ಬಾಗಿಲ ಚೌಕಟ್ಟಿಗೆ ಅಡ್ಡವಾಗಿ ಕೈ ಇಟ್ಟು ನಿಂತ. "ಆ ಬಾಯಿ ಬರೂತನಕ ಯಾರೂ ಒಳಗ ಹೋಗಂಗಿಲ್ಲ" ಅಂದ. ಬಸ್ಸಿನಲ್ಲಿ ಒಂದು ಸೀಟಿಗೂ ಜಗಳವಾಡದ ಮನುಷ್ಯ. ಆ ಹುಡುಗ ದನಿ ಏರಿಸಿದ, ಅಪ್ಪನ ತೋಳು ಹಿಡಿದು ಎಳೆದ. ಅಪ್ಪನ ಕಾಲು ನಡುಗುತ್ತಿದ್ದವು, ಕೈ ಇಳಿಯಲಿಲ್ಲ. ನಾನು ನಡುವೆ ಹೋಗಿ ನಿಂತೆ. ಇವನು ಇಲ್ಲೇ ಬಿದ್ದು ಸಾಯುತ್ತಾನೆ ಎಂದು ನನಗೆ ಖಾತ್ರಿಯಾಗಿತ್ತು.

ಆಗ ಗೇಟಿನಲ್ಲಿ ಆಟೋ ನಿಂತಿತು. ಬೀಡಿ ಬಾಯಿ ಇಳಿದಳು. ಒಂದು ಹೆಜ್ಜೆ ಇಟ್ಟು ನಿಂತು, ಉಸಿರು ತೆಗೆದುಕೊಂಡು, ಇನ್ನೊಂದು ಹೆಜ್ಜೆ ಇಟ್ಟು, ಗೋಡೆ ಹಿಡಿದು ಬಂದಳು. ಅವಳು ಹತ್ತಿರ ಬರುತ್ತಲೇ ಅಪ್ಪ ಗದರಿಸಿದ. ಅವನು ಯಾರನ್ನಾದರೂ ಗದರಿಸಿದ್ದನ್ನು ನಾನು ಕೇಳಿದ್ದು ಆಗಲೇ.

"ಇಷ್ಟೊತ್ತನಕ ಎಲ್ಲಿ ಹೋಗಿದ್ರಿ ಬಾಯಿ? ಜೀವಾ ಅಂದ್ರ ಆಟ ತಿಳ್ಕೊಂಡೀರೇನು?"

ಅವಳು ಬೆಂಚಿಗೆ ಕೈ ಊರಿ ನಿಂತು, ತಪ್ಪು ಮಾಡಿದವಳ ಹಾಗೆ ಮೆಲ್ಲಗೆ ಅಂದಳು: "ಸಿಟ್ಟಾಗಬ್ಯಾಡ್ರಿ ಅಣ್ಣಾ. ಓಣಿಯೊಳಗ ನಳಾ ಬಂದಿತ್ತು. ಬಾಜೂಮನಿ ಪೋರಿಗಿ ಕೈಯಾಗ ಹಸಗೂಸ ಅದ. ಮೊದ್ಲ ನಿಂದ ಆಗ್ಲಿ ಅಂದೆ."

ನಾನು ಅಲ್ಲೇ ಬೆಂಚಿನ ಮೇಲೆ ಕೂತು ಎಲ್ಲರ ಮುಂದೆ ಬಿಕ್ಕಿ ಬಿಕ್ಕಿ ಅತ್ತೆ. ಸಿಸ್ಟರ್ ಅವಳ ಸೊಂಟಕ್ಕೆ ಕೈ ಹಾಕಿ ಒಳಗೆ ಕರೆದೊಯ್ಯಲು ಬಂದಳು. ಬಾಗಿಲಿಗೆ ಅಡ್ಡ ಇಟ್ಟ ಕೈಯನ್ನು ಅಪ್ಪ ಇನ್ನೂ ಇಳಿಸಿರಲಿಲ್ಲ; ಅವರಿಬ್ಬರೂ ಬಗ್ಗಿ ಆ ಕೈಯ ಕೆಳಗಿನಿಂದಲೇ ಒಳಗೆ ಹೋದರು.